ಗೋಡೆಯಾ, ಜೊತೆಗಾರನಾ? ವಾಲಿಬಾಲ್ ಪಾಸಿಂಗ್ ಅಭ್ಯಾಸಕ್ಕೆ ಯಾವುದು?

ಪಾಸ್ ಮಾಡುವಾಗ, ಅಂದರೆ ಬಂದ ಚೆಂಡನ್ನು ಮುಂಗೈಯಿಂದ ತಂಡದವರಿಗೆ ಎತ್ತಿಕೊಡುವಾಗ, ಅದು ಹೆಬ್ಬೆರಳಿಗೋ ಮೊಣಕೈಗೋ ತಾಗಿ ಎಲ್ಲೆಲ್ಲೋ ಹಾರುತ್ತಿದ್ದರೆ ಮೊದಲು ಗೋಡೆಯೇ ಸರಿ. ಯಾರನ್ನೂ ಕಾಯಬೇಕಿಲ್ಲ, ಹತ್ತು ನಿಮಿಷದಲ್ಲಿ ಜಾಸ್ತಿ ಸಲ ಆಡಬಹುದು. ಮಣಿಕಟ್ಟಿಗಿಂತ ಸ್ವಲ್ಪ ಮೇಲೆ, ಎರಡೂ ಮುಂಗೈ ಸೇರಿ ಆಗುವ ಸಮತಟ್ಟಾದ ಜಾಗಕ್ಕೆ ಚೆಂಡು ತಾಗಬೇಕು. ಮೊಣಕೈ ಮಡಚಿದಿರೋ, ಚೆಂಡು ನಿಮ್ಮ ಮುಖದ ಕಡೆಗೇ ಬರುತ್ತದೆ. ತಪ್ಪು ತೋರಿಸಿಕೊಡಲು ಬೇರೆ ಯಾರೂ ಬೇಡ ಅಲ್ವಾ?

ಆದರೆ ಗೋಡೆ ಸರ್ವ್ ಮಾಡುವುದಿಲ್ಲ! ಚೆಂಡು ಎಲ್ಲಿ ಬೀಳುತ್ತದೆ ಎಂದು ಅಂದಾಜು ಮಾಡುವುದು, ಕಾಲು ಸರಿಸಿ ಅದರ ಹಿಂದೆ ನಿಲ್ಲುವುದು, ಸೆಟ್ಟರ್ (ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಆಟಗಾರ) ಕಡೆಗೆ ಕೈ ತಿರುಗಿಸುವುದು, ಇದಕ್ಕೆಲ್ಲ ಜೊತೆಗಾರ ಬೇಕು. ಅವನು ಸುಮ್ನೆ ನೇರಕ್ಕೆ ಎಸೆದರೆ ಗೋಡೆಗೂ ಅವನಿಗೂ ವ್ಯತ್ಯಾಸವಿಲ್ಲ. ಎಡಕ್ಕೆ, ಬಲಕ್ಕೆ, ಮುಂದಕ್ಕೆ ಎಸೆಯಲಿ. ಕೈ ಸರಿಯಿದ್ದೂ ಪಂದ್ಯದಲ್ಲಿ ಚೆಂಡಿನ ಹತ್ತಿರ ಹೋಗುವುದು ತಡವಾಗುತ್ತಿದ್ದರೆ ಹೆಚ್ಚು ಸಮಯ ಇದಕ್ಕೇ ಕೊಡಿ.