ಗೂಗಲ್ ಪ್ರೊಫೈಲಾ, ಇನ್‌ಸ್ಟಾಗ್ರಾಂ ಜಾಹೀರಾತಾ, ದುಡ್ಡು ಕೊಟ್ಟ ಲಿಸ್ಟಿಂಗಾ? ಶಿವಮೊಗ್ಗದಲ್ಲಿ ನನಗೆ ಗಿರಾಕಿ ತಂದದ್ದು

ಗೋಪಾಳದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುವ ಕೆಲಸ ಶುರು ಮಾಡಿ ಒಂದೂವರೆ ವರ್ಷವಾಯಿತು. ಕೆಲಸ ಗೊತ್ತಿತ್ತು, ಗಿರಾಕಿ ಇರಲಿಲ್ಲ. ಪ್ರಚಾರಕ್ಕೆ ಅಂತ 25,000 ರೂಪಾಯಿ ಎತ್ತಿಟ್ಟಿದ್ದೆ. ಅದರಲ್ಲಿ ದೊಡ್ಡ ಪಾಲು ತಿಂದ ಲಿಸ್ಟಿಂಗ್ ಒಂದು ಕೆಲಸವನ್ನೂ ತರಲಿಲ್ಲ. ಒಂದು ರೂಪಾಯಿಯನ್ನೂ ಕೇಳದ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಿಂದ (ಗೂಗಲ್‌ನಲ್ಲಿ, ಅದರ ಮ್ಯಾಪ್‌ನಲ್ಲಿ ಹುಡುಕುವವರಿಗೆ ನಮ್ಮ ವ್ಯವಹಾರದ ಹೆಸರು, ಫೋನ್ ತೋರಿಸುವ ಪುಟ) ಇವತ್ತಿಗೂ ಫೋನ್ ಬರುತ್ತಿದೆ. ಹೊಸದಾಗಿ ಶುರು ಮಾಡುವವರು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಅದನ್ನೇ.

ಆದರೆ ನಾನು ಮೊದಲು ಮಾಡಿದ್ದು ಅದನ್ನಲ್ಲ. ಉಚಿತವಾಗಿ ಸಿಗುವುದರಿಂದ ಏನು ಕೆಲಸ ಬಂದೀತು ಅಂದುಕೊಂಡು ದುಡ್ಡು ಕೊಡುವ ದಾರಿಯನ್ನೇ ಹಿಡಿದೆ. ವ್ಯಾಪಾರಿಗಳ ಪಟ್ಟಿ ಇಟ್ಟುಕೊಂಡು, ವಿಚಾರಿಸಿದವರ ನಂಬರನ್ನು ನಮಗೆ ಕಳಿಸುವ ಕಂಪನಿಗಳಿವೆಯಲ್ಲ, ಅಂಥದ್ದೊಂದರ ಲಿಸ್ಟಿಂಗ್. ತಿಂಗಳಿಗೆ 1,500 ರೂಪಾಯಿ, ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಡಿತ. ಮಾತಾಡಲು ಬಂದ ಹುಡುಗ ಒಳ್ಳೆಯವನೇ. 'ದಿನಕ್ಕೊಂದು ಲೀಡ್ ಗ್ಯಾರಂಟಿ ಸರ್' ಅಂದ. ಲೀಡ್, ಅಂದರೆ ವಿಚಾರಿಸಿದವರ ನಂಬರ್, ಬಂದದ್ದೂ ನಿಜ.

ತೊಂದರೆ ಇದ್ದದ್ದು ಬೇರೆ ಕಡೆ. ಎರಡನೇ ವಾರದಲ್ಲಿ ಹೊಸನಗರದ ಕಡೆಯ ಹೋಮ್‌ಸ್ಟೇ ಒಂದರ ನಂಬರ್ ಬಂತು. ಬರುತ್ತಿದ್ದ ಹಾಗೇ ಊಟ ಬಿಟ್ಟೆದ್ದು ಫೋನ್ ಮಾಡಿದೆ. ಆ ಕಡೆಯಿಂದ ಒಬ್ಬ ಹೆಂಗಸಿನ ದನಿ. 'ಬೆಳಗ್ಗೆಯಿಂದ ನೀವು ಆರನೆಯವರು ಮಾರಾಯ್ರೆ. ನಾನು ಕೇಳಿದ್ದು ಒಂದೇ ಸಲ. ಒಲೆ ಮೇಲೆ ಅನ್ನ ಇಟ್ಟಿದ್ದೀನಿ, ದಯವಿಟ್ಟು ಬಿಡಿ' ಅಂದರು. ಹಿಂದೆ ಕುಕ್ಕರ್ ಕೂಗುತ್ತಿತ್ತು. ಅವರ ಮೇಲೆ ನನಗೆ ಒಂದಿಷ್ಟೂ ಸಿಟ್ಟು ಬರಲಿಲ್ಲ. ಆರು ಜನ ಅಪರಿಚಿತರು ಬೆನ್ನು ಬೆನ್ನಿಗೆ ಫೋನ್ ಮಾಡಿದರೆ ಯಾರಿಗೆ ತಾನೇ ಸಾಕಾಗುವುದಿಲ್ಲ?

ಆಮೇಲೆ ಕೇಳಿ ತಿಳಿದುಕೊಂಡೆ. ಅಲ್ಲಿ ಒಂದು ವಿಚಾರಣೆಯನ್ನು ಒಬ್ಬರಿಗೇ ಕೊಡುವುದಿಲ್ಲ, ದುಡ್ಡು ಕಟ್ಟಿದ ಹಲವರಿಗೆ ಒಟ್ಟಿಗೇ ಹೋಗುತ್ತದೆ. ಬೆಂಗಳೂರಿನ ದೊಡ್ಡ ತಂಡಗಳಲ್ಲಿ ಫೋನ್ ಮಾಡುವುದಕ್ಕೇ ಜನ ಇರುತ್ತಾರೆ. ನಾನು ಒಬ್ಬನೇ. ಕೋಡ್ ಬರೆಯುತ್ತಾ ಕೂತಿದ್ದಾಗ ಮೊಬೈಲ್ ಟಿಂಗ್ ಎಂದರೆ ಎಲ್ಲಾ ಬಿಟ್ಟು ಓಡಬೇಕು. ಓಡಿದರೂ ನಾನು ಮೂರನೆಯವನೋ ಆರನೆಯವನೋ. ಮಾತು ಶುರುವಾಗುವುದೇ 'ಇನ್ನೊಬ್ಬರು 4,000ಕ್ಕೆ ಮಾಡಿಕೊಡ್ತೀನಿ ಅಂದ್ರು' ಎನ್ನುವಲ್ಲಿಂದ. ನನ್ನ ಕೆಲಸಕ್ಕೆ 12,000 ಯಾಕೆ ಎಂದು ವಿವರಿಸಲು ಅಲ್ಲಿ ಜಾಗವೇ ಇರಲಿಲ್ಲ. ಐದು ತಿಂಗಳಲ್ಲಿ ಅರವತ್ತಕ್ಕೂ ಹೆಚ್ಚು ನಂಬರ್ ಬಂದವು. ಒಂದೂ ಕೆಲಸವಾಗಲಿಲ್ಲ.

ನಿಲ್ಲಿಸಿ ಅಂದರೆ ಅದೂ ಸುಲಭಕ್ಕೆ ಆಗಲಿಲ್ಲ. 'ವರ್ಷದ ಒಪ್ಪಂದ ಸರ್' ಅಂದರು. ಸಹಿ ಹಾಕಿದ ಕಾಗದದಲ್ಲಿ ಹಾಗೇ ಇತ್ತು, ನಾನು ಓದಿರಲಿಲ್ಲ. ಕಡೆಗೆ ಬ್ಯಾಂಕಿಗೆ ಹೋಗಿ ಅರ್ಜಿ ಕೊಟ್ಟು ಕಡಿತ ನಿಲ್ಲಿಸುವಷ್ಟರಲ್ಲಿ ಇನ್ನೆರಡು ಕಂತು ಹೋಗಿದ್ದವು. ಒಟ್ಟು 10,500. ಹಾಗಾಗಿ ಈಗ ತಿಂಗಳ ಕಂತು ಏನೇ ಇದ್ದರೂ ಯುಪಿಐ ಆಟೋಪೇ ಮಾತ್ರ. ಅದನ್ನು ನಮ್ಮ ಆ್ಯಪ್‌ನಲ್ಲೇ ರದ್ದು ಮಾಡಬಹುದು, ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ.

ಇನ್‌ಸ್ಟಾಗ್ರಾಂ ಜಾಹೀರಾತು ಇದಕ್ಕಿಂತ ಎಷ್ಟೋ ವಾಸಿ. ದಿನಕ್ಕೆ 200 ರೂಪಾಯಿಯಂತೆ 15 ದಿನ ಹಾಕಿದೆ. 18% ಜಿಎಸ್‌ಟಿ ಸೇರಿ 3,540 ರೂಪಾಯಿ. ಒತ್ತಿದರೆ ನೇರ ವಾಟ್ಸ್‌ಆ್ಯಪ್‌ಗೆ ಬರುವ ಹಾಗೆ ಇಟ್ಟಿದ್ದೆ. ವಯಸ್ಸು 18ರಿಂದ ಎಂದು ಬಿಟ್ಟಿದ್ದು ನನ್ನದೇ ತಪ್ಪು. ಇಷ್ಟೊಂದು ಕಾಲೇಜು ಇರುವ ಊರಲ್ಲಿ ಬಂದ ಮೆಸೇಜಿನಲ್ಲಿ ಅರ್ಧಕ್ಕರ್ಧ 'ಇಂಟರ್ನ್‌ಶಿಪ್ ಇದೆಯಾ ಸರ್' ಅಂತಲೇ. ವಯಸ್ಸು ಏರಿಸಿ, ಊರನ್ನು ಸಾಗರ, ತೀರ್ಥಹಳ್ಳಿಗೆ ಇಳಿಸಿದ ಮೇಲೆ ಎರಡು ಒಳ್ಳೆಯ ವಿಚಾರಣೆ ಬಂದವು. ಒಂದು ಕೆಲಸವಾಯಿತು. ಆದರೆ ದುಡ್ಡು ನಿಂತ ದಿನವೇ ಮೆಸೇಜೂ ನಿಂತಿತು.

ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಇರಲೇಬೇಕು, ಉಚಿತ. ಆದರೆ ಅದು ಬಂದವರನ್ನು ಮಾತಾಡಿಸಲು, ಹೊಸಬರನ್ನು ತರಲು ಅಲ್ಲ. ಒಂದೇ ಮೆಸೇಜನ್ನು ಹಲವರಿಗೆ ಕಳಿಸುವ ಮಾಮೂಲಿ ಬ್ರಾಡ್‌ಕಾಸ್ಟ್ ಲಿಸ್ಟ್ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಮುಟ್ಟುತ್ತದೆ.

ಇನ್ನು ಗೂಗಲ್ ಪ್ರೊಫೈಲ್. 2021ರ ತನಕ ಇದನ್ನು ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದರು, ಹಳಬರು ಈಗಲೂ ಹಾಗೇ ಕರೆಯುತ್ತಾರೆ. ನನಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಮನೆಯಿಂದ ಕೆಲಸ ಮಾಡುವವರು ವಿಳಾಸವನ್ನು ಮುಚ್ಚಿಟ್ಟು, ಯಾವ ಯಾವ ಊರಿಗೆ ಕೆಲಸ ಮಾಡುತ್ತೇವೆ ಎಂದಷ್ಟೇ ತೋರಿಸಬಹುದು. ಶಿವಮೊಗ್ಗ, ಭದ್ರಾವತಿ, ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬ ಹಾಕಿದೆ.

ವ್ಯವಹಾರ ನಿಜವೇ ಎಂಬ ಪರಿಶೀಲನೆಗೆ ಗೂಗಲ್ ನನ್ನಿಂದ ವಿಡಿಯೊ ಕೇಳಿತು. ಮಧ್ಯೆ ನಿಲ್ಲಿಸದೆ ಒಂದೇ ಸಲಕ್ಕೆ ಫೋನಿನಲ್ಲೇ ತೆಗೆಯಬೇಕು. ಆಗ ಜುಲೈ, ಜಡಿಮಳೆ. ತಮ್ಮ ಕೊಡೆ ಹಿಡಿದ. ನಾನು ರಸ್ತೆಯ ಹೆಸರಿನ ಫಲಕ ತೋರಿಸಿ, ಗೇಟು ತೆಗೆದು, ಮೆಟ್ಟಿಲು ಹತ್ತಿ, ಕೋಣೆಯ ಬೀಗ ತೆಗೆದು, ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಹಾಕಿ, ಮಾಡುತ್ತಿದ್ದ ಸೈಟನ್ನು ತೋರಿಸಿದೆ. ಗೋಡೆಗೆ ಅಂಟಿಸಿದ್ದ, ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪತ್ರವನ್ನೂ ತೋರಿಸಿದೆ. ಅದನ್ನು ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಮಾಡಿಸಿಕೊಳ್ಳಬಹುದು. ಮೊದಲ ಸಲ ಅರ್ಧಕ್ಕೆ ಕರೆಂಟ್ ಹೋಗಿ ಕೋಣೆ ಕತ್ತಲಾಯಿತು. ಎರಡನೇ ಸಲಕ್ಕೆ ಸರಿಹೋಯಿತು.

ಹೆಸರಿನ ಜಾಗದಲ್ಲಿ ನಿಮ್ಮ ವ್ಯವಹಾರದ ಹೆಸರಷ್ಟೇ ಇರಲಿ. 'ಬೆಸ್ಟ್ ವೆಬ್ ಡಿಸೈನ್ ಶಿವಮೊಗ್ಗ' ಅಂತೆಲ್ಲ ತುರುಕುವುದು ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಅಮಾನತಾಗಬಹುದು. ಇಂಗ್ಲಿಷಿನಲ್ಲಿ 'ಶಿಮೊಗ' ಎಂದಿದ್ದದ್ದು ಅಧಿಕೃತವಾಗಿ 'ಶಿವಮೊಗ್ಗ' ಆದದ್ದು 2014ರ ನವೆಂಬರ್ 1ರಂದು. ಜನ ಇವತ್ತಿಗೂ ಹಳೆಯ ಹೆಸರನ್ನೇ ಟೈಪ್ ಮಾಡುತ್ತಾರೆ. ಹಾಗಾಗಿ ನನ್ನ ಸೈಟಿನ ಬರಹದಲ್ಲಿ ಎರಡೂ ಇವೆ, ಕನ್ನಡದಲ್ಲಿ ಬರೆದ ಪುಟವೂ ಇದೆ. ಕನ್ನಡ ಹಾಕುವಾಗ ಎಲ್ಲಾ ಫೋನ್, ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ನಲ್ಲೇ ಹಾಕಿ. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪಾದದ್ದನ್ನು ಬದಲಿಸದೆ ಅಂಟಿಸಿದರೆ ಹುಡುಕುವವರಿಗೆ ಅದು ಸಿಗುವುದೇ ಇಲ್ಲ.

ಮೊದಲ ಎರಡು ತಿಂಗಳು ಒಂದು ಫೋನೂ ಬರಲಿಲ್ಲ. ಆಗ ಸುಮ್ನೆ ಕೂರಲಿಲ್ಲ. ಸೋದರಮಾವನ ಅಡಿಕೆ ಮಂಡಿಗೂ ಗೆಳೆಯನ ಬೇಕರಿಗೂ ಸೈಟ್ ಮಾಡಿಕೊಟ್ಟು, ಆಗಿರುವುದನ್ನು ಇದ್ದ ಹಾಗೆ ಬರೆಯಿರಿ ಎಂದು ರಿವ್ಯೂ ಲಿಂಕ್ ಕಳಿಸಿದೆ. ರಿಯಾಯಿತಿ ಕೊಟ್ಟು ರಿವ್ಯೂ ಬರೆಸುವಂತಿಲ್ಲ, ನಾನು ಬರೆಸಲೂ ಇಲ್ಲ. ಮಾವ ಕನ್ನಡದಲ್ಲಿ ನಾಲ್ಕು ಸಾಲು ಬರೆದರು. ಮೊದಲ ಫೋನ್ ಬಂದದ್ದು ತೀರ್ಥಹಳ್ಳಿಯಿಂದ. 'ಅಡಿಕೆಯವರು ಬರೆದಿದ್ದಾರಲ್ಲ, ಅದನ್ನು ಓದಿ ಮಾಡ್ತಿದ್ದೀನಿ' ಅಂದರು. ಅವರು ಬೇರೆ ಯಾರನ್ನೂ ಕೇಳಿರಲಿಲ್ಲ. ರೇಟಿನ ಮಾತು ಬಂದದ್ದು ಅರ್ಧ ಗಂಟೆಯ ನಂತರ. ಲಿಸ್ಟಿಂಗ್‌ನ ಫೋನಿಗೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಅವತ್ತೇ ಗೊತ್ತಾಯಿತು.

ಗಿರಾಕಿ ಎಲ್ಲಿದ್ದಾರೆ ಎಂದು ತಿಳಿದದ್ದೂ ಮ್ಯಾಪ್ ನೋಡುತ್ತಲೇ. ಪ್ರೊಫೈಲ್ ಇದ್ದವರಿಗೆ ಗೂಗಲ್ ಉಚಿತವಾಗಿ ಕೊಡುತ್ತಿದ್ದ ಪುಟ್ಟ ವೆಬ್‌ಸೈಟುಗಳು 2024ರ ಮಾರ್ಚ್‌ನಲ್ಲಿ ನಿಂತವು. ನಮ್ಮ ಕಡೆ ಕೆಲವರ ವಿಸಿಟಿಂಗ್ ಕಾರ್ಡಿನಲ್ಲಿ ಇನ್ನೂ ಆ ವಿಳಾಸವೇ ಅಚ್ಚಾಗಿದೆ. ಅಂಥ ಒಂದು ಹೋಮ್‌ಸ್ಟೇಗೆ ಹೋಗಿ ಕಾರ್ಡಿನಲ್ಲಿದ್ದ ವಿಳಾಸವನ್ನು ಅವರ ಫೋನಿನಲ್ಲೇ ತೆರೆದು ತೋರಿಸಿದೆ, ಏನೂ ಬರಲಿಲ್ಲ. ಕಾಫಿ ಮುಗಿಯುವಷ್ಟರಲ್ಲಿ ಮುಂಗಡ ಕೊಟ್ಟರು.

ನೆಹರೂ ರಸ್ತೆಯಲ್ಲಿ ಆಫೀಸು ಇಟ್ಟು, ಫೋನಿಗೆ ಒಬ್ಬರನ್ನು ಕೂರಿಸುವ ಶಕ್ತಿ ಇದ್ದವರಿಗೆ ಲಿಸ್ಟಿಂಗ್ ಆಗಬಹುದು. ನಾನು ನಿಧಾನ ಮಾತಾಡುವವನು, ಚೌಕಾಸಿ ಬರುವುದಿಲ್ಲ, ತಿಂಗಳಿಗೆ ಎರಡು ಸೈಟಿಗಿಂತ ಜಾಸ್ತಿ ಕೈಗೆತ್ತಿಕೊಳ್ಳುವುದಿಲ್ಲ. ನನಗೆ ಪ್ರೊಫೈಲ್ ಸಾಕು. ಅದಕ್ಕೆ ವಾರಕ್ಕೊಂದು ಹೊಸ ಫೋಟೊ ಹಾಕುತ್ತೇನೆ, ಬಂದ ಪ್ರತಿ ರಿವ್ಯೂಗೂ ಉತ್ತರ ಬರೆಯುತ್ತೇನೆ. ಉಳಿದ ದುಡ್ಡಿನಲ್ಲಿ 3,540 ರೂಪಾಯಿ ಮತ್ತೆ ಇನ್‌ಸ್ಟಾಗ್ರಾಂಗೇ. ದಸರಾ ರಜೆಗೆ ಒಂದು ತಿಂಗಳು ಮುಂಚೆ, ಸಾಗರ, ಹೊಸನಗರ, ತೀರ್ಥಹಳ್ಳಿಗೆ ಮಾತ್ರ. ಹೋಮ್‌ಸ್ಟೇಯವರು ಬುಕಿಂಗ್‌ಗೆ ಸೈಟ್ ಬೇಕು ಎಂದು ಯೋಚಿಸುವುದು ಆಗಲೇ.