ಹಡಗಿನ ಅವಶೇಷ ಎತ್ತುವ ಅನುಮತಿ: ಕಾರವಾರದ ಒಂದು ಸಲಹಾ ಸೇವೆ

ಮುಳುಗಿದ ಹಡಗಿನ ಅವಶೇಷಗಳನ್ನು ವಾಣಿಜ್ಯ ಉದ್ದೇಶಕ್ಕೆ ಮೇಲೆತ್ತಲು ಬೇಕಾದ ಕಾಗದಪತ್ರಗಳನ್ನು ಸಿದ್ಧಪಡಿಸಿಕೊಡುವ ಕಾರವಾರದ ಖಾಸಗಿ ಕಚೇರಿಯೊಂದರಲ್ಲಿ ನಮ್ಮ ಗುಜರಿ ವ್ಯವಹಾರಕ್ಕಾಗಿ ಸಲಹೆ ಪಡೆದೆ. ಅವರ ದೊಡ್ಡ ಗುಣವೆಂದರೆ ಗಿರಾಕಿಯ ಮೂಗಿಗೆ ತುಪ್ಪ ಸವರುವುದಿಲ್ಲ. 1958ರ ವಾಣಿಜ್ಯ ಹಡಗು ಕಾಯ್ದೆಯ ಪ್ರಕಾರ ಅವಶೇಷ ಸಿಕ್ಕವನು ತಾನೇ ಅದರ ಮಾಲೀಕನಲ್ಲದಿದ್ದರೆ ಅದನ್ನು ಸರ್ಕಾರ ನೇಮಿಸಿದ 'ರಿಸೀವರ್ ಆಫ್ ರೆಕ್' ಅಧಿಕಾರಿಗೆ ಆದಷ್ಟು ಬೇಗ ಒಪ್ಪಿಸಬೇಕು, ಮಾಲೀಕನಿಗೆ ಹಕ್ಕು ಸಾಧಿಸಲು ಒಂದು ವರ್ಷದ ಅವಕಾಶವಿರುತ್ತದೆ, ಎತ್ತಿದವನಿಗೆ ಸಲ್ಲುವುದು ಶ್ರಮದ ಪ್ರತಿಫಲವೇ ಹೊರತು ಮಾಲಲ್ಲ ಎಂಬುದನ್ನು ಶುಲ್ಕದ ಮಾತಿಗೆ ಮೊದಲೇ ಬಿಡಿಸಿ ಹೇಳಿದರು. ನನ್ನ ಕರಡು ಅರ್ಜಿಯಲ್ಲಿದ್ದ 'ಹಳೆಯ ಹಿತ್ತಾಳೆ ಗಂಟೆ' ಎಂಬ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ನೂರು ವರ್ಷ ದಾಟಿದ ವಸ್ತುವಾದರೆ 1972ರ ಪುರಾವಸ್ತು ಕಾಯ್ದೆಯೂ ಅನ್ವಯಿಸುತ್ತದೆಂದು ಎಚ್ಚರಿಸಿದರು. 2006ರಲ್ಲಿ ಓಶನ್ ಸೆರಾಯಾ ಹಡಗು ಆಯ್ಸ್ಟರ್ ರಾಕ್ ಬಳಿ ಬಂಡೆಗೆ ಬಡಿದು ತೈಲ ಸೋರಿದ್ದನ್ನು ಕಂಡ ಊರಿನಲ್ಲಿ ಇಂತಹ ಎಚ್ಚರ ಅತಿಯೆನಿಸದು.

ಆದರೆ ಅವರು ಮಾರುವ ಕೈಪಿಡಿಯಲ್ಲಿ 2025ರ ಹೊಸ ವಾಣಿಜ್ಯ ಹಡಗು ಕಾಯ್ದೆಯ ಸುಳಿವೇ ಇಲ್ಲ. ಅಷ್ಟು ಹಣ ತೆಗೆದುಕೊಂಡು ಹಳೆಯ ಕಲಂಗಳನ್ನೇ ಮುದ್ರಿಸಿ ಕೊಡುವುದು ಸರಿಯಲ್ಲ. ರಸೀದಿಯನ್ನೂ ಕೇಳಿಯೇ ಪಡೆಯಬೇಕಾಯಿತು. ಬಾಯಿಮಾತಿನ ಸಲಹೆಗಾಗಿ ಹೋಗಬಹುದು, ಕೈಪಿಡಿ ಬೇಡ.