ಪ್ಯಾರಾವ್ಯೂ, ಓವಿಟೊ, ಪೈಥಾನ್: ಒಂದೇ ಡ್ರಮ್ಮಿನ ಕಣಗಳನ್ನು ಮೂರರಲ್ಲೂ ನೋಡಿದಾಗ

ಡಿಇಎಂ, ಅಂದರೆ ಒಂದೊಂದು ಕಣದ ಚಲನೆಯನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕುವ ಸಿಮ್ಯುಲೇಶನ್, ಓಡಿ ಮುಗಿದರೆ ಅರ್ಧ ಕೆಲಸ ಮುಗಿದ ಹಾಗೆ, ಅಷ್ಟೆ. ಉಳಿದ ಅರ್ಧ ಶುರುವಾಗುವುದು ಕಣಗಳ ಸ್ಥಿತಿಯನ್ನು ಆಗಾಗ ಬರೆದಿಟ್ಟು ಡಿಸ್ಕಿನಲ್ಲಿ ಬಿದ್ದಿರುವ ಡಂಪ್ ಫೈಲುಗಳನ್ನು ತೆರೆಯುವಾಗ. ಈ ಕೆಲಸಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಹಾಗಾಗಿ ಒಂದೇ ಡೇಟಾವನ್ನು ಮೂರರಲ್ಲೂ ಹಾಕಿ, ಒಂದೇ ಪ್ರಶ್ನೆಗಳನ್ನು ಮೂರಕ್ಕೂ ಕೇಳಿದೆ.

ಡೇಟಾ ಇದು: ಅಡ್ಡಡ್ಡ ಮಲಗಿ ತಿರುಗುವ ಡ್ರಮ್, ಅರ್ಧದಷ್ಟು ತುಂಬಿದ 5 ಲಕ್ಷ ಗೋಳಗಳು. ಅರ್ಧ ಗೋಳಗಳ ತ್ರಿಜ್ಯ 2 ಮಿ.ಮೀ., ಉಳಿದರ್ಧದ್ದು 3 ಮಿ.ಮೀ. ಲ್ಯಾಂಪ್ಸ್ ಎಂಬ ಸಿಮ್ಯುಲೇಶನ್ ಸಾಫ್ಟ್‌ವೇರಿನ ಗ್ರಾನ್ಯುಲರ್ ಪ್ಯಾಕೇಜಿನಲ್ಲಿ ಓಡಿಸಿದ್ದು. ಪ್ರತಿ ಫ್ರೇಮಿನಲ್ಲಿ ಪ್ರತಿ ಕಣದ ಗುರುತಿನ ಸಂಖ್ಯೆ, ಬಗೆ, ಸ್ಥಾನ, ವೇಗ, ತ್ರಿಜ್ಯ. ಪಠ್ಯರೂಪದಲ್ಲಿ ಒಂದು ಫ್ರೇಮಿಗೆ ಸುಮಾರು 50 ಎಂಬಿ, 400 ಫ್ರೇಮಿಗೆ 20 ಜಿಬಿ. ಗಾತ್ರ ಬೇರೆಬೇರೆ ಇರುವ ಕಣಗಳನ್ನು ಹೀಗೆ ತಿರುಗಿಸಿದರೆ ಚಿಕ್ಕವು ಒಳಗೆ ಸೇರಿ ತಿರುಳಾಗುತ್ತವೆ, ದೊಡ್ಡವು ಅಂಚಿಗೆ ಸರಿಯುತ್ತವೆ. ಅದು ಎಷ್ಟು ಬೇಗ ಆಗುತ್ತದೆ, ಮೇಲ್ಪದರ ಎಷ್ಟು ವೇಗದಲ್ಲಿ ಜಾರುತ್ತದೆ, ಒಂದು ಕಣ ಎಷ್ಟು ಕಣಗಳನ್ನು ಮುಟ್ಟಿಕೊಂಡಿರುತ್ತದೆ: ನನಗೆ ಬೇಕಿದ್ದದ್ದು ಈ ಮೂರು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಮೂರೂ ಕಣವನ್ನು ನೋಡುವ ರೀತಿಯೇ ಬೇರೆ. ಪ್ಯಾರಾವ್ಯೂ ಪಾಲಿಗೆ ಕಣ ಅಂದರೆ ಜಾಗದಲ್ಲೊಂದು ಬಿಂದು, ಅದಕ್ಕೆ ಅಂಟಿದ ಒಂದಷ್ಟು ಅಂಕಿ. ಓವಿಟೊ ಪಾಲಿಗೆ ಅದು ಗುರುತು, ತ್ರಿಜ್ಯ, ನೆರೆಹೊರೆ ಎಲ್ಲ ಇರುವ ವಸ್ತು. ಪೈಥಾನ್ ಪಾಲಿಗೆ ಕೋಷ್ಟಕದ ಒಂದು ಸಾಲು. ಅನುಕೂಲ, ಕಿರಿಕಿರಿ ಎರಡೂ ಹುಟ್ಟುವುದು ಇಲ್ಲಿಂದಲೇ.

ಪ್ಯಾರಾವ್ಯೂ

ಇದು ಕಿಟ್‌ವೇರ್ ಸಂಸ್ಥೆ ಮತ್ತು ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯಗಳು ಸೇರಿ 2000ರಲ್ಲಿ ಶುರು ಮಾಡಿದ ಯೋಜನೆ. ಮುಕ್ತ ತಂತ್ರಾಂಶ, ಅಡಿಪಾಯ ವಿಟಿಕೆ ಎಂಬ ಚಿತ್ರಣ ಲೈಬ್ರರಿ. ಡಂಪನ್ನು ವಿಟಿಕೆ ರೂಪದಲ್ಲೇ ಬರೆಸಿದರೆ ನೇರವಾಗಿ ತೆರೆದುಕೊಳ್ಳುತ್ತದೆ.

ತೆರೆದ ಮೇಲೆ ಕಾಣುವುದು ಚುಕ್ಕೆಗಳು. ಗೋಳ ಬೇಕಾದರೆ ಬಿಂದುಗಳ ಮೇಲೆ ಆಕಾರ ಕೂರಿಸುವ ಗ್ಲಿಫ್ ಫಿಲ್ಟರ್ ಹಾಕಬೇಕು. ಹೊಸಬರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲನೆಯದು, ಗ್ಲಿಫ್ ತಾನಾಗಿ ಎಲ್ಲ ಕಣಗಳನ್ನೂ ತೋರಿಸುವುದಿಲ್ಲ. ಜಾಗದಲ್ಲಿ ಹರಡಿದ ಹಾಗೆ ಸುಮಾರು 5000 ಬಿಂದುಗಳನ್ನು ಆರಿಸಿಕೊಂಡು ಅವಕ್ಕಷ್ಟೇ ಗೋಳ ಕೂರಿಸುತ್ತದೆ. ಬಾಣಗಳಲ್ಲಿ ವೇಗ ತೋರಿಸುವವರಿಗೆ ಅದು ಸರಿ, ಆದರೆ 5 ಲಕ್ಷ ಕಣಗಳ ಡ್ರಮ್ಮಿನಲ್ಲಿ ನೂರಕ್ಕೆ ಒಂದು ಮಾತ್ರ ಉಳಿಯುತ್ತದೆ. ಗ್ಲಿಫ್ ಮೋಡನ್ನು ಆಲ್ ಪಾಯಿಂಟ್ಸ್‌ಗೆ ಬದಲಿಸಲೇಬೇಕು. ಎರಡನೆಯದು, ಗೋಳದ ಮೂಲ ತ್ರಿಜ್ಯ 0.5, ಅಂದರೆ ವ್ಯಾಸ 1. ತ್ರಿಜ್ಯದ ಕಾಲಂ ಕೊಟ್ಟು ಸ್ಕೇಲ್ ಫ್ಯಾಕ್ಟರ್ 1 ಇಟ್ಟರೆ ಎಲ್ಲ ಗೋಳವೂ ಅರ್ಧ ಗಾತ್ರದಲ್ಲಿ ಬಂದು, ಕಣಗಳ ರಾಶಿ ಸಡಿಲವಾಗಿ ತೇಲುತ್ತಿರುವ ಹಾಗೆ ಕಾಣುತ್ತದೆ. ಅಲ್ಲಿ 2 ಇರಬೇಕು. ಗೋಳಗಳು ಪರಸ್ಪರ ಮುಟ್ಟದೆ ನಿಂತಿರುವ ಚಿತ್ರ ಎಲ್ಲಾದರೂ ಕಂಡರೆ ನನಗೆ ಮೊದಲು ಅನುಮಾನ ಬರುವುದು ಈ ಅಂಕಿಯ ಮೇಲೆ.

ಮೂರನೆಯದು ಚಿತ್ರ ಬರೆಯುವ ವೇಗ. ಮೂಲ ಸೆಟ್ಟಿಂಗಿನಲ್ಲಿ ಒಂದೊಂದು ಗೋಳಕ್ಕೂ ನೂರರ ಹತ್ತಿರ ತ್ರಿಕೋನಗಳಿರುತ್ತವೆ. 5 ಲಕ್ಷ ಕಣಕ್ಕೆ ಐದು ಕೋಟಿಯ ಆಸುಪಾಸು. ಮೌಸ್ ತಿರುಗಿಸಿದರೆ ಚಿತ್ರ ತಡೆತಡೆದು ತಿರುಗುತ್ತದೆ. ಗ್ಲಿಫನ್ನೇ ಬಿಟ್ಟು ಪಾಯಿಂಟ್ ಗಾಸಿಯನ್ ರೂಪಕ್ಕೆ ಹೋಗಿ, ಶೇಡರ್‌ನಲ್ಲಿ ಸ್ಫಿಯರ್ ಆರಿಸಿ, ಗಾತ್ರವನ್ನು ತ್ರಿಜ್ಯಕ್ಕೆ ಕಟ್ಟಿದರೆ ಗ್ರಾಫಿಕ್ಸ್ ಕಾರ್ಡೇ ಗೋಳ ಬರೆಯುತ್ತದೆ. ವ್ಯತ್ಯಾಸ ಕಣ್ಣಿಗೆ ರಾಚುವಷ್ಟು. ಇದು ಗೊತ್ತಾದ ಮೇಲೆ ಕಣಗಳಿಗೆ ಗ್ಲಿಫ್ ಬಳಸುವುದನ್ನೇ ನಾನು ನಿಲ್ಲಿಸಿದೆ.

ಅಡ್ಡ ಕೊಯ್ದು ನೋಡುವಾಗಲೂ ಎಚ್ಚರ ಬೇಕು. ಗ್ಲಿಫ್ ಆದ ಮೇಲೆ ಕ್ಲಿಪ್ ಹಾಕಿದರೆ ಟೊಳ್ಳು ಚಿಪ್ಪುಗಳು ಕಾಣುತ್ತವೆ, ಯಾಕೆಂದರೆ ಅಲ್ಲಿರುವುದು ಗೋಳದ ಮೇಲ್ಮೈ ಮಾತ್ರ. ಗ್ಲಿಫ್‌ಗೆ ಮೊದಲು ಹಾಕಿದರೆ ಕೇಂದ್ರ ಎಲ್ಲಿದೆ ಎಂಬುದರ ಮೇಲೆ ಇಡೀ ಕಣ ಉಳಿಯುತ್ತದೆ ಅಥವಾ ಹೋಗುತ್ತದೆ. ಡ್ರಮ್ಮಿನ ಒಳಗಿನ ತಿರುಳು ನೋಡುವುದಕ್ಕೆ ಎರಡನೆಯದೇ ಸರಿ.

ಪ್ಯಾರಾವ್ಯೂ ನಿಜಕ್ಕೂ ಕೈಕೊಡುವುದು ಕಣದ ಗುರುತಿನ ವಿಚಾರದಲ್ಲಿ. ಹಲವು ಪ್ರೊಸೆಸರ್‌ಗಳ ಮೇಲೆ ಓಡುವಾಗ ಲ್ಯಾಂಪ್ಸ್ ಕಣಗಳನ್ನು ಪ್ರತಿ ಫ್ರೇಮಿನಲ್ಲೂ ಒಂದೇ ಕ್ರಮದಲ್ಲಿ ಬರೆಯುವುದಿಲ್ಲ. ಈ ಫ್ರೇಮಿನಲ್ಲಿ ನೂರನೇ ಸಾಲಿನಲ್ಲಿದ್ದ ಕಣ ಮುಂದಿನದರಲ್ಲಿ ಎಲ್ಲೋ ಇರುತ್ತದೆ. ಒಂದು ಕಣವನ್ನು ಕ್ಲಿಕ್ ಮಾಡಿ, ಪ್ಲಾಟ್ ಸೆಲೆಕ್ಷನ್ ಓವರ್ ಟೈಮ್ ಕೇಳಿದರೆ ಸಾಲಿನ ಸಂಖ್ಯೆ ಹಿಡಿದು ಹೋಗುತ್ತದೆ. ಬರುವ ಗ್ರಾಫ್ ಹುಚ್ಚಾಪಟ್ಟೆ ಜಿಗಿಯುತ್ತಿದ್ದರೆ ಅದು ಭೌತಶಾಸ್ತ್ರ ಅಲ್ಲ, ಬೇರೆಬೇರೆ ಕಣಗಳ ವೇಗ ಒಂದೇ ಗೆರೆಯಲ್ಲಿ ಸೇರಿಕೊಂಡಿದೆ. ಡಂಪ್ ಮಾಡಿಫೈನಲ್ಲಿ ಗುರುತಿನ ಸಂಖ್ಯೆಯ ಪ್ರಕಾರ ವಿಂಗಡಿಸುವಂತೆ ಮೊದಲೇ ಹೇಳಿದರೆ ಈ ತೊಂದರೆ ಬುಡದಲ್ಲೇ ತಪ್ಪುತ್ತದೆ. ಪಥ ಬರೆಯುವ ಟೆಂಪೊರಲ್ ಪಾರ್ಟಿಕಲ್ಸ್ ಟು ಪಾಥ್‌ಲೈನ್ಸ್ ಫಿಲ್ಟರಿಗೂ ಗುರುತಿನ ಕಾಲಂ ಯಾವುದು ಅಂತ ನಾವೇ ತೋರಿಸಿಕೊಡಬೇಕು.

ಇಷ್ಟೆಲ್ಲ ಹೇಳಿದರೂ ಯಂತ್ರದ ಆಕಾರ, ದ್ರವದ ಹರಿವು, ಕಣ ಮೂರನ್ನೂ ಒಂದೇ ಪರದೆಯಲ್ಲಿ ಕೂರಿಸಬೇಕಾದರೆ ಪ್ಯಾರಾವ್ಯೂಗೆ ಸಾಟಿ ಇಲ್ಲ. ಡ್ರಮ್ಮಿನ ಆಕಾರ ಇರುವ ಎಸ್‌ಟಿಎಲ್ ಫೈಲು ತೆರೆದು ಪಾರದರ್ಶಕ ಮಾಡಿದರೆ ಆಯಿತು. ದ್ರವ, ಗಾಳಿಯ ಹರಿವು ಲೆಕ್ಕ ಹಾಕುವ ಓಪನ್‌ಫೋಮ್ ಜೊತೆ ಜೋಡಿಸಿದ ಲೆಕ್ಕವಾದರೆ ಗಾಳಿಯ ಒತ್ತಡವೂ ಅದೇ ಕಿಟಕಿಯಲ್ಲಿ. ಡೇಟಾ ಸರ್ವರಿನಲ್ಲೇ ಇದ್ದು ಚಿತ್ರ ಮಾತ್ರ ನಮ್ಮ ಪರದೆಗೆ ಬರುವ ವ್ಯವಸ್ಥೆಯೂ ಇದೆ. 20 ಜಿಬಿಯನ್ನು ಇಳಿಸಿಕೊಳ್ಳದೆ ಕೆಲಸ ಮಾಡಿದವರಿಗೆ ಅದರ ಬೆಲೆ ಗೊತ್ತು.

ಓವಿಟೊ

ಅಲೆಕ್ಸಾಂಡರ್ ಸ್ಟುಕೋವ್ಸ್ಕಿ ಪರಮಾಣು ಸಿಮ್ಯುಲೇಶನ್‌ಗಳಿಗಾಗಿ ಕಟ್ಟಿದ ಸಾಫ್ಟ್‌ವೇರ್ ಇದು. ಬೇಸಿಕ್ ಆವೃತ್ತಿ ಉಚಿತ, ಪ್ರೋ ಆವೃತ್ತಿಗೆ ಹಣ ಕೊಡಬೇಕು. ಡಂಪ್ ಫೈಲನ್ನು ಎಳೆದು ತಂದು ಬಿಟ್ಟರೆ ಸಾಕು, ಕಾಲಂ ಹೆಸರುಗಳನ್ನು ತಾನೇ ಓದಿಕೊಂಡು, ತ್ರಿಜ್ಯವನ್ನು ತ್ರಿಜ್ಯವೆಂದೇ ಹಿಡಿದು, ಎಲ್ಲ ಕಣಗಳನ್ನೂ ಸರಿಯಾದ ಗಾತ್ರದಲ್ಲಿ ತೋರಿಸುತ್ತದೆ. ಪ್ಯಾರಾವ್ಯೂನಲ್ಲಿ ಮೂರು ಸೆಟ್ಟಿಂಗ್ ತಿದ್ದಿದ ಮೇಲೆ ಸಿಕ್ಕ ಚಿತ್ರ ಇಲ್ಲಿ ತೆರೆದ ಕೂಡಲೇ ಸಿಕ್ಕಿತು. ತಿರುಗಿಸಿದರೂ ತಡವರಿಸಲಿಲ್ಲ.

ನನಗೆ ತುಂಬಾ ಹಿಡಿಸಿದ್ದು ಫ್ರೀಜ಼್ ಪ್ರಾಪರ್ಟಿ. ಮೊದಲ ಫ್ರೇಮಿನಲ್ಲಿ ಕಣ ಎಷ್ಟು ಎತ್ತರದಲ್ಲಿತ್ತು ಎಂಬುದನ್ನು ಹೆಪ್ಪುಗಟ್ಟಿಸಿ, ಆ ಅಂಕಿಗೆ ಬಣ್ಣ ಕೊಟ್ಟೆ. ಪದರ ಪದರವಾಗಿದ್ದ ಬಣ್ಣಗಳು ಡ್ರಮ್ ತಿರುಗುತ್ತಿದ್ದ ಹಾಗೆ ಮೇಲಿಂದ ಜಾರಿ, ಮಡಚಿ, ಒಂದರೊಳಗೊಂದು ಹೊಕ್ಕುವುದು ಕಂಡಿತು. ಮೇಲಿನ ತೆಳು ಪದರದಲ್ಲಿ ಮಾತ್ರ ಕಣಗಳು ಜಾರುತ್ತಾ ಬೆರೆಯುತ್ತವೆ, ಕೆಳಗಿನ ರಾಶಿ ಗಟ್ಟಿ ತುಂಡಿನಂತೆ ಡ್ರಮ್ಮಿನ ಜೊತೆಗೇ ತಿರುಗುತ್ತದೆ ಅಂತ ಓದಿದ್ದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಚಿತ್ರ ನಾನು ಬೇರೆ ಮಾಡಿಲ್ಲ. ಕಣದ ಗುರುತನ್ನು ಓವಿಟೊ ತಾನೇ ನೋಡಿಕೊಳ್ಳುವುದರಿಂದ ಸಾಲುಗಳ ಕ್ರಮ ಹೇಗಿದ್ದರೂ ಲೆಕ್ಕ ತಪ್ಪುವುದಿಲ್ಲ. ಇದನ್ನೇ ಪ್ಯಾರಾವ್ಯೂನಲ್ಲಿ ಮಾಡಲು ಪ್ರೋಗ್ರಾಮೆಬಲ್ ಫಿಲ್ಟರ್ ಬರೆಯುತ್ತಾ ಕೂರಬೇಕಾಯಿತು.

ಆದರೆ ಪರಮಾಣುಗಳ ಲೋಕದಿಂದ ಬಂದ ಸಾಫ್ಟ್‌ವೇರ್ ಅನ್ನುವುದನ್ನು ಮರೆಯಬಾರದು. ನೆರೆಯ ಕಣಗಳನ್ನು ಎಣಿಸುವ ಕೋಆರ್ಡಿನೇಶನ್ ಅನಾಲಿಸಿಸ್ ಎಂಬ ಉಪಕರಣ ಕೇಂದ್ರದಿಂದ ಕೇಂದ್ರಕ್ಕೆ ಒಂದೇ ಕಟ್ಆಫ್ ದೂರ (ಅದರೊಳಗೆ ಇದ್ದರೆ ನೆರೆ) ಕೇಳುತ್ತದೆ. ನಮ್ಮ ಡ್ರಮ್ಮಿನಲ್ಲಿ ಎರಡು ಚಿಕ್ಕ ಕಣ ಮುಟ್ಟಿಕೊಂಡರೆ ದೂರ 4 ಮಿ.ಮೀ., ಚಿಕ್ಕದು ದೊಡ್ಡದು ಮುಟ್ಟಿದರೆ 5, ಎರಡೂ ದೊಡ್ಡವಾದರೆ 6. ಕಟ್ಆಫ್ 6 ಕೊಟ್ಟರೆ ನಡುವೆ 2 ಮಿ.ಮೀ. ಖಾಲಿ ಇರುವ ಚಿಕ್ಕ ಕಣಗಳೂ ಮುಟ್ಟಿಕೊಂಡಿವೆ ಅಂತ ಎಣಿಕೆಯಾಗುತ್ತದೆ. 4 ಕೊಟ್ಟರೆ ದೊಡ್ಡವಕ್ಕೆ ನೆರೆಯೇ ಇಲ್ಲ. ಇದಕ್ಕೆ ದಾರಿ ಎರಡು ಕಣಗಳ ನಡುವೆ ಬಾಂಡ್ ಎಂಬ ಕೊಂಡಿ ಹಾಕುವ ಕ್ರಿಯೇಟ್ ಬಾಂಡ್ಸ್. ಅದರಲ್ಲಿ ಬಗೆ ಬಗೆಯ ಜೋಡಿಗೆ ಬೇರೆ ಬೇರೆ ಕಟ್ಆಫ್ ಕೊಡಬಹುದು, ಆ ಬಾಂಡುಗಳನ್ನು ಎಣಿಸಬಹುದು. ಎರಡೇ ಗಾತ್ರ ಇದ್ದುದರಿಂದ ಇದು ನಡೆಯಿತು. ಗಾತ್ರ ನಿರಂತರವಾಗಿ ಹರಡಿರುವ ಮರಳಿನಂಥ ಡೇಟಾ ಆಗಿದ್ದರೆ ಜೋಡಿಗಳ ಪಟ್ಟಿ ಸಾಕಾಗುತ್ತಿರಲಿಲ್ಲ.

ಜಾಗವನ್ನು ಚೌಕಗಳಾಗಿ ಹಂಚಿ ಸರಾಸರಿ ತೆಗೆಯುವ ಸ್ಪೇಷಿಯಲ್ ಬಿನ್ನಿಂಗ್ ಪ್ರೋ ಆವೃತ್ತಿಯಲ್ಲಿದೆ. ಮೇಲ್ಪದರದ ವೇಗದ ನಕ್ಷೆಗೆ ನನಗೆ ಬೇಕಿದ್ದದ್ದು ಅದೇ. ಅದಕ್ಕಾಗಿಯೇ ಹಣ ಕೊಡುವ ಬದಲು ನಾನು ಪೈಥಾನಿಗೆ ಹೋದೆ.

ಪೈಥಾನ್

ಲೆಕ್ಕಕ್ಕೆ ನಂಪೈ, ಸೈಪೈ ಲೈಬ್ರರಿಗಳು, ಗ್ರಾಫಿಗೆ ಮ್ಯಾಟ್‌ಪ್ಲಾಟ್‌ಲಿಬ್. ಇಲ್ಲಿ ಚಂದದ ಗೋಳ ಇಲ್ಲ, ತಿರುಗಿಸಿ ನೋಡುವುದೂ ಇಲ್ಲ. ಪಠ್ಯದ ಡಂಪುಗಳನ್ನು ಒಂದು ಸಲ ಓದಿ, ನಾಲ್ಕು ಬೈಟಿನ ದಶಮಾಂಶಗಳಾಗಿ ಬೈನರಿಯಲ್ಲಿ ಉಳಿಸಿಟ್ಟುಕೊಳ್ಳುವುದು ಮೊದಲ ಕೆಲಸ. 20 ಜಿಬಿ ಇದ್ದದ್ದು ಅರ್ಧಕ್ಕಿಂತ ಕಡಿಮೆಗೆ ಇಳಿಯುತ್ತದೆ, ಮತ್ತೆ ಮತ್ತೆ ಓದುವ ಕಾಟವೂ ತಪ್ಪುತ್ತದೆ.

ಸಂಪರ್ಕಗಳ ಎಣಿಕೆ ಇಲ್ಲಿ ಸಲೀಸು. ಹತ್ತಿರದ ಬಿಂದುಗಳನ್ನು ಬೇಗ ಹುಡುಕಿಕೊಡುವ ಸೈಪೈನ ಕೆಡಿ ಟ್ರೀ ಕಟ್ಟಿ, 6 ಮಿ.ಮೀ. ಒಳಗಿನ ಎಲ್ಲ ಜೋಡಿಗಳನ್ನು ತೆಗೆದು, ಅವುಗಳಲ್ಲಿ ಕೇಂದ್ರಗಳ ದೂರ ಎರಡು ತ್ರಿಜ್ಯಗಳ ಮೊತ್ತಕ್ಕಿಂತ ಕಡಿಮೆ ಇರುವವನ್ನಷ್ಟೇ ಉಳಿಸಿದರೆ ಆಯಿತು. ಗಾತ್ರ ಎಷ್ಟು ಬಗೆಯದಾದರೂ ಇದೇ ನಿಯಮ. ಬಂದ ಅಂಕಿಯನ್ನು ತೂಗಿ ನೋಡಲು ಒಂದು ಅಳತೆಗೋಲೂ ಇದೆ: ಘರ್ಷಣೆ ಇಲ್ಲದ ಗೋಳಗಳ ರಾಶಿ ಅಲುಗದೆ ನಿಲ್ಲಲು ಸರಾಸರಿ 6 ಸಂಪರ್ಕ ಬೇಕು, ಘರ್ಷಣೆ ಜೋರಾಗಿದ್ದರೆ 4ರ ಹತ್ತಿರ ಸಾಕು. ಡ್ರಮ್ಮಿನ ಕೆಳಗಿನ ರಾಶಿಗೆ 10 ಅಂತ ಉತ್ತರ ಬಂದರೆ ಕಟ್ಆಫ್ ತಪ್ಪಿದೆ ಅಂತ ಅರ್ಥ.

ಬೇರ್ಪಡುವಿಕೆಯ ಅಳತೆಗೆ ಲೇಸಿ 1954ರಲ್ಲಿ ಕೊಟ್ಟ ಮಿಶ್ರಣ ಸೂಚ್ಯಂಕ ಬಳಸಿದೆ. ಡ್ರಮ್ಮನ್ನು ಕೋಶಗಳಾಗಿ ಹಂಚಿ, ಪ್ರತಿ ಕೋಶದಲ್ಲಿ ಚಿಕ್ಕ ಕಣಗಳ ಪಾಲು ಎಷ್ಟು ಅಂತ ನೋಡಿ, ಆ ಪಾಲುಗಳ ವೇರಿಯನ್ಸನ್ನು (ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಪೂರ್ತಿ ಬೇರ್ಪಟ್ಟ ಸ್ಥಿತಿ ಮತ್ತು ಪೂರ್ತಿ ಬೆರೆತ ಸ್ಥಿತಿಗಳ ವೇರಿಯನ್ಸಿನ ನಡುವೆ ಕೂರಿಸುವುದು. 0 ಅಂದರೆ ಬೇರೆ ಬೇರೆ, 1 ಅಂದರೆ ಬೆರೆತಿದೆ. ಕೇಳಲು ಸರಳ, ಆದರೆ ಉತ್ತರ ಕೋಶದ ಗಾತ್ರದ ಕೈಯಲ್ಲಿದೆ. ಇಡೀ ತಿರುಳನ್ನೇ ನುಂಗುವಷ್ಟು ದೊಡ್ಡ ಕೋಶ ಇಟ್ಟರೆ ಎಲ್ಲವೂ ಬೆರೆತಂತೆ ಕಾಣುತ್ತದೆ. ನಾಲ್ಕೈದು ಕಣ ಹಿಡಿಯುವಷ್ಟು ಚಿಕ್ಕದಾದರೆ ಆಕಸ್ಮಿಕ ಏರುಪೇರೇ ಅಂಕಿಯಾಗುತ್ತದೆ. ಮೇಲ್ಮೈಯಲ್ಲಿ ಅರೆಬರೆ ತುಂಬಿದ ಕೋಶಗಳನ್ನು ಕೈಬಿಡಬೇಕು. ಗಾತ್ರ ಬೇರೆ ಇರುವಾಗ ಕಣಗಳ ಸಂಖ್ಯೆಯ ಬದಲು ಘನ ಅಳತೆಯ ಪಾಲು ತೆಗೆದುಕೊಳ್ಳುವುದು ಒಳ್ಳೆಯದು, ಯಾಕೆಂದರೆ ಒಂದು ದೊಡ್ಡ ಕಣ ಮೂರು ಚಿಕ್ಕ ಕಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಕೋಶದ ಗಾತ್ರ ಹೇಳದೆ ಬರೀ ಸೂಚ್ಯಂಕ ಬರೆದ ವರದಿಗಳನ್ನು ನೋಡಿದರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಆ ಅಂಕಿಯನ್ನು ಇನ್ನೊಬ್ಬರು ಹೇಗೆ ಪರೀಕ್ಷಿಸಬೇಕು?

ಪೈಥಾನಿನ ಅಪಾಯ ಬೇರೆ ಥರದ್ದು. ಕೋಷ್ಟಕದ ಸಾಲುಗಳಲ್ಲಿ ಏನೋ ಎಡವಟ್ಟಾಗಿದ್ದರೂ ಗ್ರಾಫ್ ನಯವಾಗಿಯೇ ಬರುತ್ತದೆ. ಡ್ರಮ್ಮಿನ ಗೋಡೆ ತೂರಿ ಹೊರಗೆ ಹೋದ ಕಣ ಸರಾಸರಿಯಲ್ಲಿ ಅಡಗಿಕೊಳ್ಳುತ್ತದೆ, ಓವಿಟೊದಲ್ಲಿ ಅದು ತೆರೆದ ತಕ್ಷಣ ಕಾಣುತ್ತದೆ. ಹಾಗಾಗಿ ಯಾವ ಲೆಕ್ಕಕ್ಕೂ ಮೊದಲು ನಾನು ಆರಂಭದ, ನಡುವಿನ, ಕೊನೆಯ ಫ್ರೇಮುಗಳನ್ನು ಓವಿಟೊದಲ್ಲಿ ತೆರೆದು ಕಣ್ಣಾಡಿಸುತ್ತೇನೆ.

ಬಣ್ಣದ ಬಗ್ಗೆ ಒಂದು ಮಾತು, ಇದು ಪ್ಯಾರಾವ್ಯೂ ಓವಿಟೊ ಎರಡಕ್ಕೂ ಅನ್ವಯ. ಬಣ್ಣದ ಮಾಪಕ ಫ್ರೇಮಿನಿಂದ ಫ್ರೇಮಿಗೆ ತಾನಾಗಿ ಬದಲಾಗುತ್ತಿದ್ದರೆ ಅನಿಮೇಶನ್ ಸುಳ್ಳು ಹೇಳುತ್ತದೆ: ನಿಧಾನವಾದ ಕಣವೂ ಕೆಂಪಗಾಗುತ್ತದೆ. ಎಲ್ಲ ಫ್ರೇಮುಗಳನ್ನೂ ಸೇರಿಸಿ ವ್ಯಾಪ್ತಿ ಕಟ್ಟುವ ಆಯ್ಕೆ ಎರಡರಲ್ಲೂ ಇದೆ. ಎಲ್ಲೋ ಚಿಮ್ಮಿದ ಒಂದು ಕಣ ವ್ಯಾಪ್ತಿಯನ್ನು ಹಿಗ್ಗಿಸಿಬಿಟ್ಟರೆ ಅಂಕಿಗಳನ್ನು ಕೈಯಾರೆ ಕೊಡುವುದೇ ವಾಸಿ.

ವಾಣಿಜ್ಯ ಪ್ಯಾಕೇಜುಗಳ ಜೊತೆಗೇ ಬರುವ ಪೋಸ್ಟ್ ಪ್ರೊಸೆಸರ್‌ಗಳನ್ನು ಈ ಹೋಲಿಕೆಯಲ್ಲಿ ಸೇರಿಸಿಲ್ಲ. ದಿನನಿತ್ಯದ ಪರಿಶೀಲನೆಗೆ ಅವು ಚೆನ್ನಾಗಿಯೇ ಇವೆ. ಕಣದ ಕಚ್ಚಾ ಡೇಟಾವನ್ನು ಗುರುತಿನ ಸಂಖ್ಯೆ ಸಮೇತ ಹೊರಗೆ ತೆಗೆಯಲು ಬಿಡುತ್ತವೆಯೇ ಅನ್ನುವುದೊಂದನ್ನು ಕೊಳ್ಳುವ ಮೊದಲೇ ಕೇಳಿ.

ಇನ್ನು ಬಲಗಳ ಸರಪಳಿ, ಅಂದರೆ ಕಣದಿಂದ ಕಣಕ್ಕೆ ಭಾರ ಸಾಗುವ ದಾರಿ. ಡಿಇಎಂ ಶುರುವಾದದ್ದೇ ಇಂಥ ಚಿತ್ರದಿಂದ ಎನ್ನಬಹುದು. ಕಂಡಲ್ ಮತ್ತು ಸ್ಟ್ರ್ಯಾಕ್ 1979ರ ಪ್ರಬಂಧದಲ್ಲಿ ಬಿಲ್ಲೆಗಳ ನಡುವಿನ ಬಲಗಳನ್ನು ಗೆರೆಗಳಾಗಿ ಬರೆದು ಒತ್ತಡ ಬಿದ್ದ ಜಾಗ ಬೆಳಕಿನಲ್ಲಿ ಎದ್ದು ಕಾಣುವ ಫೋಟೊಎಲಾಸ್ಟಿಕ್ ಪ್ರಯೋಗದ ಜೊತೆ ಹೋಲಿಸಿದ್ದರು. ಸಂಪರ್ಕಗಳ ಪಟ್ಟಿಯನ್ನು ಲ್ಯಾಂಪ್ಸ್‌ನಿಂದ ಬೇರೆ ಫೈಲಾಗಿ ಬರೆಸಿ ಓವಿಟೊದಲ್ಲಿ ಬಾಂಡುಗಳಾಗಿ ತೆರೆದು ಬಲಕ್ಕೆ ಬಣ್ಣ ಕೊಡಬಹುದು, ಕೆಲಸ ಬೇಗ ಆಗುತ್ತದೆ. ನನಗೆ ಹೆಚ್ಚು ಒಪ್ಪಿತವಾದದ್ದು ಸ್ವಲ್ಪ ಸುತ್ತುದಾರಿ: ಪೈಥಾನಿನಲ್ಲಿ ಸರಾಸರಿಗಿಂತ ಹೆಚ್ಚಿನ ಬಲದ ಸಂಪರ್ಕಗಳನ್ನು ಮಾತ್ರ ಉಳಿಸಿ, ಗೆರೆಗಳಾಗಿ ವಿಟಿಕೆ ಫೈಲಿಗೆ ಬರೆದು, ಪ್ಯಾರಾವ್ಯೂನ ಟ್ಯೂಬ್ ಫಿಲ್ಟರಿನಲ್ಲಿ ದಪ್ಪವನ್ನು ಬಲಕ್ಕೆ ಕಟ್ಟುವುದು. ಹಿಂದೆ ಡ್ರಮ್ಮಿನ ಗೋಡೆ ಪಾರದರ್ಶಕವಾಗಿ ಇರುತ್ತದೆ, ಕಣಗಳನ್ನು ಪೂರ್ತಿ ಮರೆಮಾಡಿ. ಆಗ ರಾಶಿಯ ಭಾರ ಗೋಡೆಯ ಯಾವ ಭಾಗಕ್ಕೆ ಇಳಿಯುತ್ತಿದೆ ಅನ್ನುವುದು ಬೆರಳಿಟ್ಟು ತೋರಿಸುವಷ್ಟು ನಿಚ್ಚಳವಾಗುತ್ತದೆ. ಡ್ರಮ್ಮಿನ ಒಳಗೋಡೆಯ ಹೊದಿಕೆಯಾದ ಲೈನರ್ ಎಲ್ಲಿ ಬೇಗ ಸವೆಯುತ್ತದೆ ಅಂತ ಕೇಳುವ ಎಂಜಿನಿಯರಿಗೆ ನಾನು ಮೊದಲು ತೋರಿಸುವ ಚಿತ್ರ ಇದು, ಅದರ ಜೊತೆಗೆ ಮೇಲ್ಪದರ ಗೋಡೆಗೆ ಬಂದು ಬಡಿಯುವ ವೇಗದ ನಕ್ಷೆ.